ಪರಿಹಾರವೂ ಬೊಕ್ಕಸವೂ

ತೆರಿಗೆಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸುವುದು ನಮ್ಮ ನಾಡಿನ ಅರಸರಿಗೂ ಅವರ ಅಧಿಕಾರಿಗಳಿಗೂ ಬಹು ಹಳೆಯ ವಾಡಿಕೆ. ವಿಜಯನಗರದ ಕಾಲದ ಶಾಸನಗಳಲ್ಲಿ ಮದುವೆಯ ಸುಂಕವನ್ನು ಬಿಟ್ಟ ಉಲ್ಲೇಖಗಳನ್ನು ಕಾಣುತ್ತೇವೆ. ಹದಿನಾರನೆಯ ಶತಮಾನದ ನಡುಭಾಗದಲ್ಲಿ, ಸದಾಶಿವರಾಯನ ಆಳಿಕೆಯಲ್ಲಿ, ಬಾದಾಮಿಯ ಕೊಂಡೋಜನೆಂಬ ನಾಯಿಂದನ ಕೆಲಸಕ್ಕೆ ಅಳಿಯ ರಾಮರಾಯನು ಮೆಚ್ಚಿ, ಆ ಕಸುಬಿನವರನ್ನು ಬಿಟ್ಟಿಬೇಗಾರಗಳಿಂದಲೂ ತೆರಿಗೆಗಳಿಂದಲೂ ವಿಮುಕ್ತಗೊಳಿಸಿದನು. ಒಬ್ಬನ ಕೈಚಳಕದ ಫಲವನ್ನು ಒಂದು ಕಸುಬಿನವರೆಲ್ಲರೂ ಉಂಡರು! ಆದರೆ ಹೀಗೆ ಬಿಟ್ಟ ಹಣದ ಸ್ಥಾನವನ್ನು ಯಾವುದರಿಂದ ತುಂಬಿದರೆಂಬುದನ್ನು ಆ ಕಲ್ಲುಗಳು ಹೇಳುವುದಿಲ್ಲ.

ಆ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಎತ್ತಿದವನು ಕೌಟಿಲ್ಯ. ಅವನ ಅರ್ಥಶಾಸ್ತ್ರವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟರೆಂಬುದು ಮೈಸೂರಿಗೆ ಸಲ್ಲತಕ್ಕ ಹೆಮ್ಮೆ. ಹೊಸದಾಗಿ ಕೆರೆ ಕಟ್ಟೆಗಳನ್ನು ಕಟ್ಟಿಸಿದವನಿಗೆ ಐದು ವರ್ಷ, ಪಾಳುಬಿದ್ದುದನ್ನು ದುರಸ್ತಿ ಮಾಡಿಸಿದವನಿಗೆ ನಾಲ್ಕು ವರ್ಷ ಕರದ ಪರಿಹಾರ ಸಲ್ಲಬೇಕೆಂದು ಆ ಗ್ರಂಥವು ವಿಧಿಸುತ್ತದೆ. ಜೊತೆಗೇ, ಕೋಶವನ್ನು ಬೆಳೆಯಿಸುವಂಥ ಪರಿಹಾರವನ್ನು ಕೊಡಬೇಕು, ಕೋಶವನ್ನು ಸವೆಯಿಸುವಂಥದನ್ನು ಕೊಡಲಾಗದು, ಏಕೆಂದರೆ ಬೊಕ್ಕಸ ಬರಿದಾದ ಅರಸನು ಕೊನೆಗೆ ಪ್ರಜೆಗಳನ್ನೇ ನುಂಗುವನು ಎಂದು ಎಚ್ಚರಿಸುತ್ತದೆ. ಅವನ ದೃಷ್ಟಿಯಲ್ಲಿ ಪರಿಹಾರವು ಬರಿಯ ದಾನವಲ್ಲ, ಬಿತ್ತನೆಯ ಕಾಳು.

ಈ ಮಾತಿನ ನಿಜವಾದ ಪರೀಕ್ಷೆ ಮೈಸೂರು ಸಂಸ್ಥಾನಕ್ಕೆ ಒದಗಿದುದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. 1871ರ ಖಾನೇಷುಮಾರಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದಿತು. ಕ್ಷಾಮಕ್ಕೆ ಮೊದಲು ಬೊಕ್ಕಸದಲ್ಲಿ ಕೂಡಿಬಿದ್ದಿದ್ದ 63 ಲಕ್ಷ ರೂಪಾಯಿ ಕರಗಿಹೋಗಿ, ಅದರ ಬದಲಿಗೆ 80 ಲಕ್ಷ ರೂಪಾಯಿಯ ಸಾಲ ತಲೆಯ ಮೇಲೆ ಕುಳಿತಿತು. ಉಳುವವರೇ ಇಲ್ಲದ ಭೂಮಿಯಿಂದ ಕಂದಾಯ ಎಲ್ಲಿಂದ ಬರಬೇಕು? 1881ರ ಮಾರ್ಚಿ 25ರಂದು ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂತಿರುಗಿ ಬಂದಾಗ ಅವರ ಕೈಸೇರಿದುದು ಇಂಥ ಬೊಕ್ಕಸ.

ದಿವಾನ್ ರಂಗಾಚಾರ್ಲು ಅವರ ಮುಂದೆ ಎರಡು ದಾರಿಗಳಿದ್ದುವು. ಬದುಕಿ ಉಳಿದ ರೈತನ ಮೇಲೆಯೇ ಹೊರೆಯನ್ನು ಹೆಚ್ಚಿಸುವುದೊಂದು. ಸರ್ಕಾರವು ತನ್ನ ಹೊಟ್ಟೆಯನ್ನು ಕಟ್ಟಿಕೊಳ್ಳುವುದು ಮತ್ತೊಂದು. ಅವರು ಎರಡನೆಯದನ್ನು ಹಿಡಿದರು. ಹುದ್ದೆಗಳನ್ನು ತಗ್ಗಿಸಿದರು, 1882ರಲ್ಲಿ ಹಾಸನ, ಚಿತ್ರದುರ್ಗಗಳು ಪ್ರತ್ಯೇಕ ಜಿಲ್ಲೆಗಳಾಗಿ ಉಳಿಯಲಿಲ್ಲ. ಹೀಗಿದ್ದರೂ ಬೆಂಗಳೂರಿನಿಂದ ಮೈಸೂರಿನವರೆಗಿನ ರೈಲುದಾರಿಯ ಕೆಲಸವನ್ನು ನಿಲ್ಲಿಸದೆ ಅದೇ ವರ್ಷ ಮುಗಿಸಿದರು. ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎಂಬ ಈ ವಿವೇಕವೇ ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ಅಂತರವೆಂದು ನಮಗೆ ತೋರುತ್ತದೆ. ಆದರೆ ಈ ಉಳಿತಾಯವು ಪುಕ್ಕಟೆಯಾಗಿ ಬಂದುದೆಂದು ಭ್ರಮಿಸಬೇಕಾಗಿಲ್ಲ. ಕಚೇರಿ ದೂರವಾದಷ್ಟೂ ರೈತನ ನಡಿಗೆ ಹೆಚ್ಚುತ್ತದೆ; ಆ ನಡಿಗೆಯ ಖರ್ಚು ಯಾವ ಆಯವ್ಯಯದ ಪಟ್ಟಿಯಲ್ಲಿಯೂ ಕಾಣದು. 1886ರಲ್ಲಿ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಆ ಜಿಲ್ಲೆಗಳನ್ನು ಪುನಃ ಸ್ಥಾಪಿಸಬೇಕಾಯಿತು.

ಸಂಸ್ಥಾನವು ಪ್ರಜೆಗಳಿಗೆ ಪರಿಹಾರವನ್ನು ಕೊಡಬೇಕಾದರೆ ಅದಕ್ಕೂ ಪರಿಹಾರವು ಬೇಕಾಗಿದ್ದಿತು. ಬ್ರಿಟಿಷ್ ಸರ್ಕಾರಕ್ಕೆ ವರ್ಷವರ್ಷವೂ ಸಲ್ಲುತ್ತಿದ್ದ ಇಪ್ಪತ್ತನಾಲ್ಕೂವರೆ ಲಕ್ಷದ ಪೊಗದಿಯು 35 ಲಕ್ಷಕ್ಕೆ ಏರತಕ್ಕುದೆಂದು ರಾಜ್ಯವನ್ನು ಹಿಂತಿರುಗಿಸಿದ ಕರಾರಿನಲ್ಲಿಯೇ ನಿರ್ಣಯವಾಗಿದ್ದಿತು. ಕ್ಷಾಮದ ಕಾರಣದಿಂದ ಈ ಏರಿಕೆಯನ್ನು ಮೊದಲು ಐದು ವರ್ಷ, ಅನಂತರ ಮತ್ತೆ ಹತ್ತು ವರ್ಷ ಮುಂದಕ್ಕೆ ಹಾಕಿದರು. 80 ಲಕ್ಷದ ಸಾಲವನ್ನೂ ಶೇಕಡಾ 4ರ ಬಡ್ಡಿಯಂತೆ, ವರ್ಷಕ್ಕೆ 4 ಲಕ್ಷದ ಕಂತಿನಲ್ಲಿ, 41 ವರ್ಷಗಳಲ್ಲಿ ತೀರಿಸುವ ಏರ್ಪಾಡಾಯಿತು. 1896ರಿಂದ ಪೂರ್ಣ ಪೊಗದಿ ಸಲ್ಲತೊಡಗಿತು. ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಡಲು ಭಾರತ ಸರ್ಕಾರ ಒಪ್ಪಿದುದು 1927ರಲ್ಲಿ.

1881ರ ಅಕ್ಟೋಬರ್ 7ರಂದು ಪ್ರಜಾಪ್ರತಿನಿಧಿ ಸಭೆಯ 144 ಮಂದಿ ಸದಸ್ಯರು ಮೊದಲ ಬಾರಿಗೆ ಸೇರಿದಾಗ, ರಂಗಾಚಾರ್ಲು ಅವರು ಈ ಸಾಲ, ಈ ನಷ್ಟಗಳನ್ನು ಮರೆಮಾಚದೆ ಅವರ ಮುಂದಿಟ್ಟರು. ಸಭೆಗೆ ಆಗ ಕೇಳುವ, ಬಿನ್ನವಿಸುವ ಹಕ್ಕಿನ ಹೊರತು ಬೇರೇನೂ ಇರಲಿಲ್ಲ. ಆದರೂ ಬರಿದಾದ ಬೊಕ್ಕಸವನ್ನು ಪ್ರಜೆಗಳ ಎದುರಿಗೆ ತೆರೆದು ತೋರಿಸಿದ ದಿವಾನರು ಹಿಂದೆ ಎಷ್ಟು ಮಂದಿ? ಆಯವ್ಯಯವನ್ನು ಚರ್ಚಿಸುವ ಅವಕಾಶ ಆ ಸಭೆಗೆ 1917ರಲ್ಲಿ ದೊರೆಯಿತು. 1923ರ ಕಾಯಿದೆಯಂತೆ, ಸಭೆಯ ಅಭಿಪ್ರಾಯವನ್ನು ಕೇಳದೆ ಸರ್ಕಾರವು ಹೊಸ ತೆರಿಗೆಯನ್ನು ಹಾಕಲಾಗದೆಂಬ ಕಟ್ಟು ಏರ್ಪಟ್ಟಿತು. ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವ ಅಧಿಕಾರವಾದರೋ ಅದೇ ವರ್ಷ ನ್ಯಾಯವಿಧಾಯಕ ಸಭೆಗೆ ಸಂದಿತು.