ಹೂಮಳೆಯ ಸುದ್ದಿ: ಕಾಫಿ ಸೀಮೆಯ ಬರವಣಿಗೆ ಮತ್ತು ಸಂಪಾದನೆ

'ಜಿಲ್ಲೆಯಲ್ಲಿ ಉತ್ತಮ ಮಳೆ, ಬೆಳೆಗಾರರ ಮೊಗದಲ್ಲಿ ಮಂದಹಾಸ' ಎಂಬಂಥ ಶೀರ್ಷಿಕೆಯಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ಚಿಕ್ಕಮಗಳೂರಿನ ಓದುಗನಿಗೆ ಅದು ಏನನ್ನೂ ತಿಳಿಸುವುದಿಲ್ಲ. ಮಾರ್ಚ್‌ನಲ್ಲಿ ಒಂದು ಇಂಚು ಸುರಿದರೆ ಅದು ಹೂಮಳೆ, ಮೊಗ್ಗು ಅರಳಲು ಬೇಕಾದದ್ದು. ಅಷ್ಟೇ ಮಳೆ ಜನವರಿಯಲ್ಲಿ ಬಿದ್ದರೆ ಕಣದಲ್ಲಿ ಹರವಿದ ಕಾಫಿ ನೆನೆದು ಬೂಸ್ಟು ಹಿಡಿಯುತ್ತದೆ. ರೊಬಸ್ಟಾಕ್ಕೆ ಹೂಮಳೆ ಬೇಕಾದದ್ದು ಫೆಬ್ರವರಿ–ಮಾರ್ಚ್‌ನಲ್ಲಿ, ಅರೇಬಿಕಾಕ್ಕೆ ಮಾರ್ಚ್–ಏಪ್ರಿಲ್‌ನಲ್ಲಿ. ಎರಡು ಮೂರು ವಾರ ಕಳೆದ ಮೇಲೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಟ್ಟುವುದೂ ಅನುಮಾನ. 'ಉತ್ತಮ' ಎಂಬ ವಿಶೇಷಣವನ್ನು ಹೊಡೆದುಹಾಕುವ ಉಪಸಂಪಾದಕ ಆ ಜಾಗದಲ್ಲಿ ತಾರೀಕು, ಪ್ರಮಾಣ ಮತ್ತು ಬೆಳೆಯ ಹಂತ ಈ ಮೂರನ್ನು ಕೇಳಬೇಕಾಗುತ್ತದೆ.

ವಾಕ್ಯ ಚಿಕ್ಕದಿರಲಿ, ವಿಶೇಷಣ ಕಡಿಮೆಯಿರಲಿ, ಕಂಡದ್ದನ್ನು ಬರೆಯಿರಿ ಎಂದು ಅನುಭವಿ ಪತ್ರಕರ್ತರು ಹೊಸಬರಿಗೆ ಹೇಳುತ್ತ ಬಂದಿದ್ದಾರೆ. ಈ ಸಲಹೆಗಳನ್ನು ಸಾಮಾನ್ಯವಾಗಿ ಶೈಲಿಯ ನಿಯಮಗಳೆಂದು ಓದಲಾಗುತ್ತದೆ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದ ಬರವಣಿಗೆಯನ್ನು ಮುಂದಿಟ್ಟುಕೊಂಡು ನೋಡಿದರೆ ಅವು ಶೈಲಿಗಿಂತ ಮೊದಲು ನೋಟಕ್ಕೆ ಸಂಬಂಧಿಸಿದವು. ಸಂಪಾದನೆ ಎಂದರೆ ಆ ನೋಟದ ತಪಾಸಣೆ ಎಂಬುದು ಈ ಲೇಖನದ ವಾದ.

ಮಂದಣ್ಣನನ್ನು ಕೇಳುವುದು

ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ವೃತ್ತಿಯಿಂದ ಪತ್ರಕರ್ತರಲ್ಲ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದವರು. ಆದರೂ ಕನ್ನಡದ ವರದಿಗಾರರು ಅವರಿಂದ ಕಲಿತದ್ದು ಬಹಳ. 1973ರ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ ಅವರು ನವ್ಯದ ಜಾಡಿನಿಂದ ದೂರ ಸರಿಯುತ್ತಿರುವುದನ್ನು ಸ್ಪಷ್ಟಪಡಿಸಿದರು. ಆ ನಿಲುವಿನ ಫಲ 1980ರ 'ಕರ್ವಾಲೊ' ಕಾದಂಬರಿಯಲ್ಲಿ ಢಾಳಾಗಿ ಕಾಣುತ್ತದೆ. ಹಾರುವ ಓತಿಯನ್ನು ಕಂಡವನು ಹಳ್ಳಿಯವರ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದ ಮಂದಣ್ಣ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ತಳ್ಳಿಹಾಕುವುದಿಲ್ಲ, ಕಣ್ಣು ಮುಚ್ಚಿ ಒಪ್ಪುವುದೂ ಇಲ್ಲ. ಕೇಳಿಸಿಕೊಂಡು ಪರೀಕ್ಷಿಸಲು ಹೊರಡುತ್ತಾರೆ. ಸುದ್ದಿಮೂಲವನ್ನು ಹೇಗೆ ನಡೆಸಿಕೊಳ್ಳಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಪಠ್ಯಪುಸ್ತಕಗಳಲ್ಲಿ ಸಿಗುವುದು ಕಷ್ಟ.

1991ರ 'ಪರಿಸರದ ಕತೆ'ಯಲ್ಲಿ ಇದೇ ಕ್ರಮ ಇನ್ನೂ ಸಡಿಲವಾಗಿ, ಹರಟೆಯ ಧಾಟಿಯಲ್ಲಿ ಮುಂದುವರಿಯಿತು. ಅಲ್ಲಿ ಮಾಹಿತಿ ಮೊದಲು ಬರುವುದಿಲ್ಲ. ಮಾರ, ಪ್ಯಾರ ಬರುತ್ತಾರೆ, ನಾಯಿ ಕಿವಿ ಬರುತ್ತದೆ, ಏನೋ ಒಂದು ಎಡವಟ್ಟು ನಡೆಯುತ್ತದೆ. ಪ್ರಾಣಿಯ ಸ್ವಭಾವವೋ ಕಾಡಿನ ವ್ಯವಹಾರವೋ ಆ ಘಟನೆಯೊಳಗೇ ಬಿಚ್ಚಿಕೊಳ್ಳುತ್ತದೆ. ವಿವರಣೆಯ ಪ್ಯಾರಾ ಬೇರೆ, ಕಥೆಯ ಪ್ಯಾರಾ ಬೇರೆ ಎಂಬ ವಿಂಗಡಣೆಯೇ ಇಲ್ಲ. ವಿಜ್ಞಾನ ವರದಿಗಾರಿಕೆಯಲ್ಲಿ ಓದುಗ ಅರ್ಧಕ್ಕೇ ಎದ್ದುಹೋಗುವುದು ಈ ಎರಡರ ನಡುವೆ ಬಿರುಕು ಬಿಟ್ಟಾಗ.

ಜಾಹೀರಾತಿಲ್ಲದ ಪತ್ರಿಕೆ, ರೈತರ ಪತ್ರಿಕೆ

ತೇಜಸ್ವಿ ಬರೆಯುತ್ತಿದ್ದ 'ಲಂಕೇಶ್ ಪತ್ರಿಕೆ' 1980ರಲ್ಲಿ ಆರಂಭವಾದ ವಾರಪತ್ರಿಕೆ. ಪಿ. ಲಂಕೇಶ್ ಜಾಹೀರಾತು ತೆಗೆದುಕೊಳ್ಳಲಿಲ್ಲ. ಕೊಂಡು ಓದುವವನ ಹಣವೇ ಆಧಾರವಾದಾಗ ಸಪ್ಪೆ ಬರಹಕ್ಕೆ ಪುಟ ಕೊಡುವಂತಿರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಸಾಹಿತ್ಯವಲಯದ ಹೊರಗಿದ್ದವರ ಕೈಯಲ್ಲಿ ಬರೆಸಿದ ಅವರ ಸಂಪಾದನಾ ಬುದ್ಧಿ. ಕಾಸರಗೋಡು ಮೂಲದ ಸಾರಾ ಅಬೂಬಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಗಿ ಬಂದದ್ದು ಅಲ್ಲೇ. ಪಕ್ಕದ ಹಾಸನದ ಬಾನು ಮುಷ್ತಾಕ್ 1980ರ ದಶಕದಲ್ಲಿ ಅದೇ ಪತ್ರಿಕೆಯ ವರದಿಗಾರ್ತಿಯಾಗಿದ್ದರು. ಮಡಿಕೇರಿಯ ದೀಪಾ ಭಾಸ್ತಿ ಅನುವಾದಿಸಿದ ಅವರ ಕಥೆಗಳ ಸಂಕಲನ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು.

ಇನ್ನೊಂದು ದಾರಿ ಘಟ್ಟದ ಕೆಳಗಿನದು. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರನ್ನೇ ಲೇಖಕರನ್ನಾಗಿಸಲು ಹೊರಟಿತು. ಕೇರಳ ಗಡಿಯ ಪಡ್ರೆಯವರಾದ ಸಂಪಾದಕ ಶ್ರೀಪಡ್ರೆ 'ಕೃಷಿಕರ ಕೈಗೆ ಲೇಖನಿ' ಎಂಬ ಹೆಸರಿನಲ್ಲಿ ತರಬೇತಿ ನಡೆಸಿದರು. ಲೇಖನದ ಕೊನೆಯಲ್ಲಿ ಆ ಕೃಷಿಕರ ಫೋನ್ ಸಂಖ್ಯೆ ಕೊಡುವುದು ಪತ್ರಿಕೆಯ ರೂಢಿ. ಓದಿದವನು ನೇರವಾಗಿ ಕರೆ ಮಾಡಿ ವಿಚಾರಿಸಬಹುದು ಎಂಬ ಅರಿವಿದ್ದಾಗ ಬರೆಯುವವನು ಇಳುವರಿಯನ್ನು ಉಬ್ಬಿಸಲು ಹಿಂದೆಮುಂದೆ ನೋಡುತ್ತಾನೆ.

ಡೆಸ್ಕಿನ ಮುಂದಿರುವ ಪ್ರಶ್ನೆಗಳು

ಕಾಫಿ ಸೀಮೆಯ ಪ್ರತಿಯನ್ನು ತಿದ್ದುವವನಿಗೆ ಕಾಗುಣಿತಕ್ಕಿಂತ ಅಳತೆಯೇ ದೊಡ್ಡ ಪರೀಕ್ಷೆ. ಬೆಳೆಗಾರ ಮಳೆಯನ್ನು ಇಂಚಿನಲ್ಲಿ ಹೇಳುತ್ತಾನೆ, ಸರ್ಕಾರಿ ಅಂಕಿಅಂಶ ಮಿಲಿಮೀಟರಿನಲ್ಲಿರುತ್ತದೆ; ಒಂದು ಇಂಚೆಂದರೆ 25.4 ಮಿ.ಮೀ. 'ಕಾಫಿ ಬೆಲೆ ಏರಿಕೆ' ಎಂದರೆ ಯಾವ ಕಾಫಿ? ಸಿಪ್ಪೆ ಸುಲಿದು ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್, ಹಣ್ಣನ್ನು ಹಾಗೆಯೇ ಒಣಗಿಸಿದ್ದು ಚೆರಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೊಬಸ್ಟಾ ಪಾರ್ಚ್‌ಮೆಂಟ್, ರೊಬಸ್ಟಾ ಚೆರಿ ಈ ನಾಲ್ಕಕ್ಕೂ ಬೇರೆ ಬೇರೆ ದರ, ಅದೂ 50 ಕೆ.ಜಿ. ಚೀಲಕ್ಕೆ. ಚೆರಿಯಾದರೆ ಔಟ್‌ಟರ್ನ್ ಕೂಡ ಬೇಕು: ಒಂದು ಚೀಲ ಒಣ ಚೆರಿಯಿಂದ ಎಷ್ಟು ಕೆ.ಜಿ. ಬೀಜ ಸಿಕ್ಕಿತೆಂಬುದರ ಮೇಲೆ ಬೆಳೆಗಾರನ ಕೈಗೆ ಬರುವ ಹಣ ನಿಂತಿದೆ. 'ಕಾಂಡಕೊರಕದಿಂದ ಕಾಫಿ ನಾಶ' ಎಂಬ ವಾಕ್ಯಕ್ಕೂ ಇದೇ ಪ್ರಶ್ನೆ. ಬಿಳಿ ಕಾಂಡಕೊರಕ ಕಾಡುವುದು ಮುಖ್ಯವಾಗಿ ಅರೇಬಿಕಾವನ್ನು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಜಿಲ್ಲೆಯೊಳಗೇ ಇರುವಾಗ ಇಂಥದ್ದನ್ನು ಖಚಿತಪಡಿಸಿಕೊಳ್ಳಲು ಒಂದು ಫೋನ್ ಕರೆ ಸಾಕು.

ಪ್ರತಿವರ್ಷ ಮರುಕಳಿಸುವ ಸುದ್ದಿಯ ಸಮಸ್ಯೆ ಬೇರೆ ಬಗೆಯದು. ಭದ್ರೆ ಉಕ್ಕಿದಾಗ ಕಳಸ–ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿದ ಚಿತ್ರ ಮಳೆಗಾಲದ ಪತ್ರಿಕೆಗಳಲ್ಲಿ ಮಾಮೂಲು. ಸೇತುವೆ ಎಷ್ಟು ಗಂಟೆ ಮುಳುಗಿತ್ತು, ಶಾಲೆಯ ಮಕ್ಕಳು ಯಾವ ದಾರಿ ಹಿಡಿದರು, ಹಿಂದಿನ ವರ್ಷ ಎಷ್ಟು ಸಲ ಹೀಗಾಯಿತು ಎಂಬ ವಿವರಗಳಿಲ್ಲದೆ ಹೋದರೆ ಈ ವರ್ಷದ ವರದಿಗೂ ಕಳೆದ ವರ್ಷದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮೂಡಿಗೆರೆ ತಾಲ್ಲೂಕಿನ ಮಲೆಮನೆ ನಾಶವಾದಾಗ ಎಲ್ಲರೂ ಬರೆದರು. ಅಂಥ ಕಡೆ ಸಂಪಾದಕ ವರದಿಗಾರನನ್ನು ಮರುವರ್ಷವೂ ಕಳಿಸಿದರೆ ಮಾತ್ರ ಪರಿಹಾರ, ಪುನರ್ವಸತಿ ಎಂಬ ಪದಗಳಿಗೆ ಲೆಕ್ಕ ಸಿಗುತ್ತದೆ.

ತೇಜಸ್ವಿಯ ಕ್ರಮವನ್ನು ದಿನಪತ್ರಿಕೆಗೆ ಹಾಗೆಯೇ ಎತ್ತಿ ತರಲಾಗದು ಎಂಬುದನ್ನೂ ಇಲ್ಲಿ ಗಮನಿಸಬೇಕು. ಅವರಿಗೆ ತೋಟವಿತ್ತು, ವರ್ಷಗಟ್ಟಲೆ ನೋಡುವ ಬಿಡುವಿತ್ತು. ಸಂಜೆಯೊಳಗೆ ನಾಲ್ಕು ಸುದ್ದಿ ಕಳಿಸಬೇಕಾದ ತಾಲ್ಲೂಕು ವರದಿಗಾರನಿಗೆ ಆ ಸೌಕರ್ಯವಿಲ್ಲ. ಅವನಿಗೆ ದಕ್ಕುವುದು ಅದರ ಒಂದು ಭಾಗ: ಅಧಿಕಾರಿಯ ಹೇಳಿಕೆಯ ಜೊತೆಗೆ ಕಣ್ಣಾರೆ ಕಂಡ ಒಬ್ಬರ ಮಾತು, ವಿಶೇಷಣದ ಜಾಗದಲ್ಲಿ ಒಂದು ಅಳತೆ. ಬೆಂಗಳೂರಿನ ಡೆಸ್ಕ್ ಮಾಡಬಹುದಾದದ್ದು ಇನ್ನೂ ಸುಲಭ. ಹೂಮಳೆಯ ತಿಂಗಳು, ಕೊಯ್ಲಿನ ಅವಧಿ, ಚೀಲದ ತೂಕ, ಹಿಂದೆ ಮೂಡಿಗೆರೆಗೆ ಸೇರಿದ್ದ ಕಳಸ ಈಗ ಪ್ರತ್ಯೇಕ ತಾಲ್ಲೂಕು ಎಂಬ ಸಂಗತಿ, ಇವೆಲ್ಲ ಒಂದು ಪುಟದ ಟಿಪ್ಪಣಿಯಲ್ಲಿ ಹಿಡಿಯುತ್ತವೆ.