ಬಂದೂಕಿಗೊಂದು ಲೈಸೆನ್ಸು: ಮಾಡಿಸಿದವರು, ಮಾಡಿಸದವರು

ಚುನಾವಣೆ ಘೋಷಣೆಯಾಯಿತೆಂದರೆ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಕೆಲವರಿಗೆ ಪೊಲೀಸ್ ಠಾಣೆಯಿಂದ ಕರೆ ಬರುತ್ತದೆ. ಇವರು ರೌಡಿಗಳ ಪಟ್ಟಿಯಲ್ಲಿರುವವರಲ್ಲ. ತೆಂಗು, ಅಡಿಕೆ ತೋಟ ಇಟ್ಟುಕೊಂಡು ಊರಲ್ಲಿ ನಾಲ್ಕು ಜನರ ನಡುವೆ ಮಾನವಾಗಿ ಬದುಕಿದವರು. ಅವರ ಹೆಸರಿನಲ್ಲಿ ಬಂದೂಕಿನ ಲೈಸೆನ್ಸು ಇದೆ. ಕರೆ ಬರುವುದಕ್ಕೆ ಅದೊಂದೇ ಕಾರಣ. ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ತಂದು ಒಪ್ಪಿಸಿ, ರಸೀದಿ ಪಡೆದು ಹಿಂದಿರುಗಬೇಕು. ಅದೇ ಊರಿನಲ್ಲಿ ಯಾರದಾದರೂ ಅಟ್ಟದ ಮೇಲೆ ಲೈಸೆನ್ಸಿಲ್ಲದ ನಾಡಬಂದೂಕು ಇದ್ದರೆ ಅದಕ್ಕೆ ಕರೆಯೂ ಇಲ್ಲ, ರಸೀದಿಯೂ ಇಲ್ಲ.

ಹೀಗಿರುವಾಗ ಲೈಸೆನ್ಸು ಮಾಡಿಸುವುದು ಜಾಣತನವೋ, ಮಾಡಿಸದಿರುವುದೋ? ಇದು ಇಂದಿನ ಪ್ರಶ್ನೆಯಲ್ಲ. ನಮ್ಮ ನಾಡಿನಲ್ಲಿ ಇದೇ ಪ್ರಶ್ನೆಗೆ ಒಂದು ಊರೇ ಸುಟ್ಟುಹೋಗಿದೆ.

1857ರ ದಂಗೆಯಿಂದ ಬೆದರಿದ ಬ್ರಿಟಿಷ್ ಸರ್ಕಾರ ಅದೇ ವರ್ಷ ಆಯುಧ ಕಾಯ್ದೆ ತಂದಿತು. ಯಾರ ಬಳಿ ಯಾವ ಆಯುಧವಿದೆಯೋ ಅದನ್ನು ಅಧಿಕಾರಿಗಳ ಮುಂದೆ ತಂದು ನೋಂದಾಯಿಸಬೇಕು, ಅನುಮತಿ ಇಲ್ಲದೆ ಇಟ್ಟುಕೊಳ್ಳಕೂಡದು ಎಂದಾಯಿತು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ, ಆಗ ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಇದಕ್ಕೆ ಒಪ್ಪಲಿಲ್ಲ. ಬೇಟೆ ಅವರ ಕಸುಬು, ಆಯುಧ ಅವರ ಮನೆಯ ಸಾಮಾನು. ಅದನ್ನು ಹೊತ್ತುಕೊಂಡು ಹೋಗಿ ಬರೆಸುವುದೆಂದರೆ ನಾಳೆ ಕಿತ್ತುಕೊಳ್ಳುವವರಿಗೆ ನಾವೇ ಲೆಕ್ಕ ಕೊಟ್ಟಂತೆ ಎಂಬ ಅಂಜಿಕೆ. ಆ ಅಂಜಿಕೆ ಸುಳ್ಳೆಂದು ಹೇಳುವ ಧೈರ್ಯ ನನಗಿಲ್ಲ. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು. ಹಲಗಲಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿದರು. ಈ ಕಥೆಯ ಲಾವಣಿಯನ್ನು ಮುಂದೆ ಸಂಗ್ರಹಿಸಿ ಅಚ್ಚು ಮಾಡಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಎಂಬುದು ಇತಿಹಾಸದ ಒಂದು ವಿಚಿತ್ರ.

ನಾಲ್ಕೇ ವರ್ಷಕ್ಕೆ ಚಿತ್ರದ ಇನ್ನೊಂದು ಮುಖ ಕಾಣಿಸಿತು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ಕೊಡವರ ನಿಷ್ಠೆಯನ್ನೂ ಶೌರ್ಯವನ್ನೂ ಹೊಗಳಿ, ಆಯುಧ ಕಾಯ್ದೆ ಅವರಿಗೆ ಅನ್ವಯಿಸದು ಎಂದು ಘೋಷಿಸಿದ. ಕೊಡಗಿನಲ್ಲಿ ಮಗು ಹುಟ್ಟಿದರೆ ಗುಂಡು, ಮನೆಯಲ್ಲಿ ಸಾವಾದರೂ ಗುಂಡು, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ಉಳಿದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ 10 ವರ್ಷ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ ಕಬ್ಬನ್ ಆಗ ತುಮಕೂರು ಸೀಮೆಯನ್ನೂ ಆಳುತ್ತಿದ್ದ. ಮಧುಗಿರಿ, ನಿಡುಗಲ್ಲುಗಳಲ್ಲಿ ಪಾಳೆಯಗಾರರು ಮೆರೆದಿದ್ದ ನಾಡು ಇದು. ಆದರೆ ಅಂಥ ವಿನಾಯಿತಿ ಇಲ್ಲಿನವರ ಪಾಲಿಗೆ ಬರಲಿಲ್ಲ. ಸರ್ಕಾರ ಯಾರನ್ನು ನಂಬುತ್ತದೆ ಎಂಬುದರ ಮೇಲೆ ಬಂದೂಕಿನ ಕಾನೂನು ನಿಂತಿತ್ತು. ಲಿಟ್ಟನ್ ಪ್ರಭುವಿನ ಕಾಲದಲ್ಲಿ ಬಂದ 1878ರ ಆಯುಧ ಕಾಯ್ದೆಯಂತೂ ಈ ಭೇದವನ್ನು ಮುಚ್ಚಿಡಲೇ ಇಲ್ಲ: ಭಾರತೀಯನಿಗೆ ಲೈಸೆನ್ಸು ಬೇಕು, ಐರೋಪ್ಯನಿಗೆ ವಿನಾಯಿತಿ. ಆ ಸಿಟ್ಟಿನಿಂದಲೇ 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತರು ಈ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿರೆಂದು ತಿದ್ದುಪಡಿ ಮಂಡಿಸಿದರು. ಹಾಗೆ ಮಾಡಿದರೆ ಹಳೆಯ ಅಪರಾಧಿಯೂ ಬಂದೂಕು ನನ್ನ ಹಕ್ಕು ಎನ್ನಬಹುದಲ್ಲ ಎಂದು ಡಾ. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿದ್ದುಹೋಯಿತು.

ಸ್ವತಂತ್ರ ಭಾರತದ ಆಯುಧ ಕಾಯ್ದೆ ಬಂದದ್ದು 1959ರಲ್ಲಿ, ಜಾರಿಯಾದದ್ದು 1962ರ ಅಕ್ಟೋಬರ್ 1ರಿಂದ. ಇದನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಾನೂನಿಗೆ ಉದ್ದ ನಳಿಗೆಯ ಬಂದೂಕಿನ ಮೇಲೆ ಅಷ್ಟೊಂದು ಅನುಮಾನವಿಲ್ಲ. ಆತ್ಮರಕ್ಷಣೆಗೋ ಕ್ರೀಡೆಗೋ 20 ಅಂಗುಲಕ್ಕೆ ಕಡಿಮೆಯಿಲ್ಲದ, ಒಳಗೆ ಗೀರುಗಳಿಲ್ಲದ ನಯನಳಿಗೆಯ ಬಂದೂಕು ಕೇಳಿದರೆ, ಅಥವಾ ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ನಿರಾಕರಿಸಲು ಕಾನೂನು ಹೇಳುವ ಕಾರಣವಿಲ್ಲದಿದ್ದಲ್ಲಿ ಲೈಸೆನ್ಸು ಕೊಡಬೇಕು ಎನ್ನುತ್ತದೆ 13ನೇ ಸೆಕ್ಷನ್. ರೈಫಲ್, ಪಿಸ್ತೂಲು ಕೇಳುವವನಾದರೆ ತನಗೆ ಅದು ಬೇಕೇಬೇಕೆಂಬುದಕ್ಕೆ ತಕ್ಕ ಕಾರಣ ತೋರಿಸಬೇಕು. ಅಳತೆ ಹೇಗೆಂದೂ ಕಾಯ್ದೆಯೇ ಬರೆದಿಟ್ಟಿದೆ: ನಳಿಗೆಯ ಬಾಯಿಂದ ಮದ್ದು ಸಿಡಿಯುವ ಜಾಗದವರೆಗೆ.

20 ಅಂಗುಲ ಏಕೆ? ಉದ್ದ ಬಂದೂಕನ್ನು ಹೆಗಲ ಮೇಲೆ ಹೊತ್ತು ಹೋಗುವವನು ನಾಲ್ಕು ಜನರಿಗೆ ಕಾಣಿಸುತ್ತಾನೆ. ನಳಿಗೆ ಗರಗಸದಿಂದ ಕತ್ತರಿಸಿದರೆ ಅದೇ ಬಂದೂಕು ಕಂಬಳಿಯೊಳಗೆ, ಚೀಲದೊಳಗೆ ಅಡಗುತ್ತದೆ. ಹಂದಿ ಓಡಿಸುವವನಿಗೆ ಅಡಗಿಸುವ ಅಗತ್ಯವಿಲ್ಲ. ದರೋಡೆಗೆ ಹೋಗುವವನಿಗೆ ಇದೆ. ಹೀಗಾಗಿ ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದನ್ನೇ 6ನೇ ಸೆಕ್ಷನ್ ಬೇರೆಯಾಗಿ ನಿಷೇಧಿಸಿದೆ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಂಡರೆ ಸಾಮಾನ್ಯವಾಗಿ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಸಜೆ. ನಳಿಗೆ ಕತ್ತರಿಸಿದವನಿಗೆ ಕನಿಷ್ಠವೇ 7 ವರ್ಷ, ಗರಿಷ್ಠ ಜೀವಾವಧಿ.

ನಳಿಗೆಯ ಉದ್ದದ ಈ ಚಿಂತೆ ನಮ್ಮದಷ್ಟೇ ಅಲ್ಲ. ಅಮೆರಿಕದಲ್ಲಿ 1934ರ ಕಾನೂನು ಗಿಡ್ಡ ನಳಿಗೆಯ ರೈಫಲಿಗೆ ನೋಂದಣಿಯನ್ನೂ 200 ಡಾಲರ್ ತೆರಿಗೆಯನ್ನೂ ವಿಧಿಸಿತು. ಮಸೂದೆಯ ಮೊದಲ ಕರಡಿನಲ್ಲಿ ಪಿಸ್ತೂಲೂ ಇತ್ತು. ಅದನ್ನು ತಪ್ಪಿಸಲು ಜನ ರೈಫಲ್ ಕತ್ತರಿಸಿಯಾರೆಂದು ಗಿಡ್ಡ ರೈಫಲನ್ನೂ ಸೇರಿಸಿದ್ದರು. ಕೊನೆಗೆ ಪಿಸ್ತೂಲು ಪಾರಾಯಿತು, ಗಿಡ್ಡ ರೈಫಲ್ ಸಿಕ್ಕಿಬಿತ್ತು! ರೈಫಲಿಗೆ ಅಲ್ಲಿನ ಗೆರೆ ಈಗ 16 ಅಂಗುಲ. 2026ರ ಜನವರಿ 1ರಿಂದ ತೆರಿಗೆ ಸೊನ್ನೆಯಾಯಿತು, ನೋಂದಣಿ ಉಳಿಯಿತು. ಹಣ ಉಳಿದರೂ ನೋಂದಣಿ ಬೇಡವೆನ್ನುವವರು ಕೊಡುವ ಕಾರಣ: ಸರ್ಕಾರದ ಕಡತದಲ್ಲಿ ಹೆಸರು ಬೀಳುತ್ತದೆ, ಇನ್ನೊಂದು ರಾಜ್ಯಕ್ಕೆ ಒಯ್ಯಲು ಮೊದಲೇ ಅಪ್ಪಣೆ ಬೇಕು. ಹಲಗಲಿಯ ಅಂಜಿಕೆ ಇಂಗ್ಲಿಷಿನಲ್ಲಿ ಮಾತಾಡಿದಂತಿದೆ.

ಇನ್ನು ನಮ್ಮ ಗುಬ್ಬಿ, ಕುಣಿಗಲ್ ರೈತನ ಲೆಕ್ಕಾಚಾರಕ್ಕೆ ಬರೋಣ. ಅವನಿಗೆ ಬೇಕಾದದ್ದು ಗಿಡ್ಡ ಬಂದೂಕಲ್ಲ. ನಳಿಗೆಯ ಬಾಯಿಗೆ ಮದ್ದು ಸುರಿದು, ಚಿಂದಿ ಬಟ್ಟೆ ಇಟ್ಟು, ಗಜದಿಂದ ಜಡಿದು, ಚರೆ ತುಂಬಿ, ಕೇಪು ಇಟ್ಟು ಹೊಡೆಯುವ ಉದ್ದನೆಯ ಒಂಟಿ ನಳಿಗೆ. ಒಂದು ಗುಂಡು ಹೊಡೆದು ಇನ್ನೊಂದಕ್ಕೆ ಸಜ್ಜಾಗುವಷ್ಟರಲ್ಲಿ ಹಂದಿಯ ಹಿಂಡು ಪಕ್ಕದ ಹೊಲ ದಾಟಿರುತ್ತದೆ. ಕಾನೂನು ಸಲೀಸಾಗಿ ಕೊಡಬೇಕೆಂದು ಹೇಳಿರುವುದೂ ಇದನ್ನೇ. ಆದರೆ ಕಾಯ್ದೆಯ ಪುಸ್ತಕಕ್ಕೂ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೂ ನಡುವೆ ಬಹಳ ದೂರವಿದೆ. ಪಹಣಿ, ಪೊಲೀಸ್ ವರದಿ, 2016ರ ನಿಯಮಗಳು ಬಂದ ಮೇಲೆ ಬಂದೂಕು ಬಳಕೆಯ ತರಬೇತಿಯ ಪ್ರಮಾಣಪತ್ರ, ಐದು ವರ್ಷಕ್ಕೊಮ್ಮೆ ನವೀಕರಣ. ಒಂದೊಂದು ಕಾಗದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ.

ಇಷ್ಟು ಮಾಡಿ ಲೈಸೆನ್ಸು ಬಂದರೂ ಹಂದಿ ಹೊಡೆಯುವ ಹಕ್ಕು ಬಂದಂತಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೆಳೆ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು. ನವಿಲಿನ ಮಾತು ಎತ್ತುವಂತೆಯೇ ಇಲ್ಲ. 2019ರ ಕೊನೆ, 2020ರ ಆರಂಭದ ತಿಂಗಳುಗಳಲ್ಲಿ ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳಲ್ಲಿ ಚಿರತೆಗೆ ಮಕ್ಕಳೂ ಸೇರಿ ಕೆಲವರು ಬಲಿಯಾದಾಗ, ಮನೆಯಲ್ಲಿ ಬಂದೂಕಿದ್ದವರೂ ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಮೈಮೇಲೆ ಬಿದ್ದ ಚಿರತೆಯನ್ನು ಪ್ರಾಣ ಉಳಿಸಿಕೊಳ್ಳಲು ಕೊಂದರೆ ತಪ್ಪಿಲ್ಲ. ಹುಡುಕಿಕೊಂಡು ಹೋಗಿ ಹೊಡೆದರೆ ಜೈಲು.

ಚುನಾವಣೆಯ ಕಿರಿಕಿರಿ ಬೇರೆ. ಚುನಾವಣಾ ಆಯೋಗದ ಸೂಚನೆಯಲ್ಲಿ ಎಲ್ಲರೂ ಬಂದೂಕು ಒಪ್ಪಿಸಬೇಕೆಂದೇನೂ ಇಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿಬಿದ್ದವರು ಎಂದು ಒಬ್ಬೊಬ್ಬರನ್ನೇ ಪರಿಶೀಲಿಸಿ ತೀರ್ಮಾನಿಸಬೇಕು. ಸಾರಾಸಗಟಾಗಿ ತರಿಸಿಕೊಳ್ಳುವುದು ಅಧಿಕಾರಿಗಳಿಗೆ ಸುಲಭ. ಇದರ ವಿರುದ್ಧ ಕರಾವಳಿಯ ಕೃಷಿಕರು ಹೈಕೋರ್ಟಿಗೆ ಹೋದದ್ದೂ ಉಂಟು.

ಲೈಸೆನ್ಸು ತಪ್ಪಿಸಿಕೊಂಡವರೆಲ್ಲ ಸಾಚಾಗಳೆಂದು ಇದರ ಅರ್ಥವಲ್ಲ. ಲೆಕ್ಕಕ್ಕೆ ಸಿಗದ ಬಂದೂಕು ಯಾರ ಕೈಗೆ ಹೋಯಿತು, ಯಾರ ಮೇಲೆ ಸಿಡಿಯಿತು ಎಂದು ಪತ್ತೆ ಮಾಡುವುದು ಕಷ್ಟ. ಕತ್ತಲಲ್ಲಿ ಹಂದಿಯೆಂದು ಮನುಷ್ಯನಿಗೇ ಗುಂಡು ತಗಲಿದರೆ, ಕಳ್ಳ ಬಂದೂಕಿನವನು ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಲೂ ಹೆದರುತ್ತಾನೆ. ಬಂದೂಕಿನ ಗೊಡವೆಯೇ ಬೇಡವೆಂದವರು ಉರುಳು ಕಟ್ಟುತ್ತಾರೆ, ಬೇಲಿಗೆ ಕರೆಂಟು ಕೊಡುತ್ತಾರೆ, ಸಿಡಿಮದ್ದಿನ ಉಂಡೆ ಇಡುತ್ತಾರೆ. ಹಂದಿಗೆ ಇಟ್ಟ ಉರುಳಿಗೆ ಚಿರತೆ ಬೀಳುತ್ತದೆ, ಹಂದಿಗೆ ಇಟ್ಟ ಉಂಡೆಯನ್ನು ಹಸು ಕಚ್ಚುತ್ತದೆ. ಇವ್ಯಾವಕ್ಕೂ ಲೈಸೆನ್ಸೂ ಇಲ್ಲ, ಚುನಾವಣೆಗೆ ಒಪ್ಪಿಸುವ ತಾಪತ್ರಯವೂ ಇಲ್ಲ.

ತಪ್ಪಿಸಿಕೊಳ್ಳಬೇಕೆಂದು ಹೊರಡದೆಯೂ ತಪ್ಪಿತಸ್ಥರಾಗುವವರಿದ್ದಾರೆ. ತಂದೆಯ ಹೆಸರಿನಲ್ಲಿ ಲೈಸೆನ್ಸಿತ್ತು, ತಂದೆ ತೀರಿಕೊಂಡರು. ತಿಥಿ ಮುಗಿಯಿತು, ಖಾತೆ ಬದಲಾಯಿತು, ಬಂದೂಕು ಮಾತ್ರ ಗೋಡೆಯ ಮೊಳೆಯಲ್ಲೇ ಉಳಿಯಿತು. ಲೈಸೆನ್ಸು ಮುಗಿದ ಬಂದೂಕನ್ನು ತಡಮಾಡದೆ ಠಾಣೆಗೋ ಲೈಸೆನ್ಸು ಪಡೆದ ಬಂದೂಕು ಅಂಗಡಿಗೋ ಒಪ್ಪಿಸಬೇಕೆನ್ನುತ್ತದೆ 21ನೇ ಸೆಕ್ಷನ್. ವಾರಸುದಾರ ತನ್ನ ಹೆಸರಿಗೆ ಅರ್ಜಿ ಹಾಕಲು ಅವಕಾಶವಿದೆ. ವರ್ಷ ಎರಡಾದ ಮೇಲೆ ಮಗನಿಗೆ ಇದು ಗೊತ್ತಾಗುತ್ತದೆ. ಈಗ ಒಯ್ದು ಕೊಟ್ಟರೆ ಇಷ್ಟು ದಿನ ಏಕೆ ಇಟ್ಟುಕೊಂಡಿದ್ದೆ ಎಂದು ಕೇಳುತ್ತಾರೆಂಬ ಭಯ. ಬಂದೂಕು ಗೋಡೆಯಿಂದ ಇಳಿದು ಅಟ್ಟ ಸೇರುತ್ತದೆ.