ಸನವಳ್ಳಿ ಸೀಮೆಯ ಕಾಡುಕೋಳಿ: ಬೇಟೆಯ ಬರಹ, ಅಡುಗೆಯ ಮೌನ

ಮುಂಡಗೋಡ ತಾಲೂಕಿನ ಸನವಳ್ಳಿ ಇರುವುದು ಎರಡು ಬಗೆಯ ನಾಡುಗಳ ಅಂಚಿನಲ್ಲಿ. ಪಶ್ಚಿಮಕ್ಕೆ ಯಲ್ಲಾಪುರದ ಕಡೆ ಹೋದಂತೆ ಸಾಗವಾನಿ, ಮತ್ತಿ, ಬಿದಿರಿನ ಕಾಡು ದಟ್ಟವಾಗುತ್ತದೆ. ಪೂರ್ವಕ್ಕೆ ಶಿಗ್ಗಾಂವಿ, ಹಾನಗಲ್ಲಿನತ್ತ ಹೊರಳಿದರೆ ಗೋವಿನಜೋಳ, ಹತ್ತಿಯ ಬಯಲು ಶುರುವಾಗುತ್ತದೆ. ಈ ಅರೆಮಲೆನಾಡಿನಲ್ಲಿ ಭತ್ತದ ಗದ್ದೆಗೂ ಕಾಡಿಗೂ ನಡುವೆ ಎಷ್ಟೋ ಕಡೆ ಇರುವುದು ಒಂದು ಬದು ಮಾತ್ರ. ನೆಲ ಕೆದರಿ ಮೇಯುವ ಹಕ್ಕಿಗಳಿಗೆ ಇಂಥ ಅಂಚೇ ಹೇಳಿಮಾಡಿಸಿದ ಜಾಗ. ಕಾಡಿನ ಬದಿಗೆ ಕಾಡುಕೋಳಿ, ಪೊದೆಯೊಳಗೆ ಚಿಟ್ಟುಕೋಳಿ, ಬಯಲ ಕಡೆ ಗೌಜಲಕ್ಕಿ, ಹುಲ್ಲಿನಲ್ಲಿ ಬುರ್ಲಿ. ಹೀಗೆ ನೆಲಹಕ್ಕಿಗಳ ಒಂದು ಇಡೀ ಸಾಲು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಉದ್ದಕ್ಕೂ ಕಾಡು ತೆಳುವಾದಂತೆ ಬದಲಾಗುತ್ತ ಸಾಗುತ್ತದೆ.

ಈ ಹಕ್ಕಿಗಳ ಬೇಟೆಯ ಬಗ್ಗೆ ಕನ್ನಡ ನಾಡಿನಲ್ಲಿ ಒಂಬತ್ತು ನೂರು ವರ್ಷಗಳ ಬರಹ ಇದೆ. ಅಡುಗೆಯ ಬಗ್ಗೆ, ಅದರಲ್ಲೂ ಹಿಡಿದು ತಂದವರ ಮನೆಯ ಅಡುಗೆಯ ಬಗ್ಗೆ, ಬರಹ ಇಲ್ಲವೆನ್ನುವಷ್ಟು ಕಡಿಮೆ. ಅರಸರು ಬರೆಸಿದರು, ಜೈನ ಕವಿಗಳು ಬೇಡವೆಂದು ಬರೆದರು, ಬ್ರಿಟಿಷ್ ದೊರೆಗಳು ಬಂದೂಕು ಕೆಳಗಿಟ್ಟು ಬರೆದರು. ಒಲೆಯ ಮುಂದೆ ಕೂತವರ ತಿಳಿವಳಿಕೆ ಮಾತ್ರ ಬಾಯಿಂದ ಬಾಯಿಗೆ ಬಂತು. ಬೇಟೆ ನಿಂತಿರುವ ಇಂದು, ಆ ತಿಳಿವಳಿಕೆಯನ್ನು ದಾಖಲಿಸುವುದು ಬೇಟೆಯನ್ನು ಸಮರ್ಥಿಸಿದಂತೆ ಅಲ್ಲ ಎಂಬುದೇ ಈ ಲೇಖನದ ವಾದ.

ಮೊದಲು ಹೋಲಿಕೆಗೆ ಯುರೋಪಿನ ಗ್ರೌಸ್ ಹಕ್ಕಿಯನ್ನು ತೆಗೆದುಕೊಳ್ಳಬಹುದು. ಅದು ಉತ್ತರದ ಚಳಿನಾಡುಗಳ ಹಕ್ಕಿ, ಭಾರತದಲ್ಲಿಲ್ಲ. ಆದರೆ ಕೋಳಿ, ನವಿಲು, ಗೌಜಲಕ್ಕಿಗಳ ಕುಟುಂಬಕ್ಕೇ ಸೇರಿದ್ದು. ಬ್ರಿಟನ್ನಿನಲ್ಲಿ ಆಗಸ್ಟ್ 12ರಂದು ಅದರ ಬೇಟೆಯ ಕಾಲ ಆರಂಭವಾಗುತ್ತದೆ. ಹೊಡೆದ ಹಕ್ಕಿಯನ್ನು ಪುಕ್ಕದ ಸಮೇತ ತಂಪು ಕೋಣೆಯಲ್ಲಿ ಕೆಲವು ದಿನ ತೂಗುಹಾಕಿ, ಮಾಂಸ ಮೆತ್ತಗಾಗಿ ವಾಸನೆ ಗಾಢವಾದ ಮೇಲೆ ಬೇಯಿಸುವುದು ಅಲ್ಲಿನ ಹಳೆಯ ರೂಢಿ. ನಮ್ಮ ಹವೆಯಲ್ಲಿ ಹಾಗಿಟ್ಟರೆ ಮಾರನೆಯ ದಿನಕ್ಕೇ ಕೆಡುತ್ತದೆ. ಹಾಗಾಗಿ ಇಲ್ಲಿ ಮಾಂಸವನ್ನು ಮೆತ್ತಗೆ ಮಾಡುವ ಕೆಲಸ ದಿನಗಳದ್ದಲ್ಲ, ಒಲೆಯದ್ದು. ಮಾಂಸದ ಗುಣವೂ ಬೇರೆ. ಸ್ಕಾಟ್ಲೆಂಡಿನ ಕೆಂಪು ಗ್ರೌಸ್ ಬಲವಾಗಿ ಹಾರುವ ಹಕ್ಕಿ. ದುಡಿಯುವ ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಕೆಂಪು ವಸ್ತು ಹೆಚ್ಚಿರುವುದರಿಂದ ಅದರ ಎದೆಮಾಂಸ ಕಡುಗೆಂಪು. ಕಾಡುಕೋಳಿ ಹಾಗಲ್ಲ. ಅದು ದಿನವಿಡೀ ನಡೆಯುತ್ತದೆ, ಹೆದರಿದಾಗ ಮಾತ್ರ ಭರ್ರನೆ ಎದ್ದು ತುಸು ದೂರ ಹಾರಿ ಮತ್ತೆ ನೆಲ ಹಿಡಿಯುತ್ತದೆ. ಅದರ ಎದೆ ಬಿಳುಪು, ತೊಡೆ ಕಪ್ಪು. ತೊಡೆಯಲ್ಲಿ ನಾರು, ನರ ಹೆಚ್ಚು. ಒಂದೇ ಹಕ್ಕಿಯ ಎರಡು ಭಾಗಗಳು ಒಂದೇ ಹದದಲ್ಲಿ ಬೇಯುವುದಿಲ್ಲ ಎಂಬುದು ಈ ಅಡುಗೆಯ ಮೂಲ ತೊಡಕು.

ಈ ಸೀಮೆಯ ಕಾಡುಕೋಳಿ ಬೂದು ಕಾಡುಕೋಳಿ, ಗ್ಯಾಲಸ್ ಸೊನ್ನೆರಾಟಿ. ಫ್ರೆಂಚ್ ಪ್ರವಾಸಿ ಪಿಯೆರ್ ಸೊನ್ನೆರಾನ ಹೆಸರು ಅದಕ್ಕೆ ಅಂಟಿಕೊಂಡಿದೆ. ಹುಂಜ ತೂಗುವುದು ಸುಮಾರು 800 ಗ್ರಾಂನಿಂದ ಒಂದು ಕಿಲೊಗೆ ತುಸು ಮೇಲೆ. ಹೇಟೆ ಅದಕ್ಕಿಂತ ಹಗುರ. ಬಿದಿರು ಹೂಬಿಟ್ಟು ಅಕ್ಕಿ ಉದುರಿಸಿದ ವರ್ಷ, ಗುರಿಗೆ ಗಿಡಗಳು ಕಾಯಿ ಕಟ್ಟಿದ ವರ್ಷ ಇವು ಗುಂಪುಗಟ್ಟಿ ಬರುತ್ತವೆ. ಉಳಿದ ದಿನಗಳಲ್ಲಿ ಗೆದ್ದಲು, ಕಾಡುಹಣ್ಣು, ಚಿಗುರು, ಸುಗ್ಗಿ ಮುಗಿದ ಗದ್ದೆಯ ಕೂಳೆಯಲ್ಲಿ ಬಿದ್ದ ಕಾಳು. ಬೇಸಗೆ ಮೊಟ್ಟೆಯ ಕಾಲ. ಮರಿ ಮುಗಿದ ಮೇಲೆ, ಮಳೆಗಾಲದಲ್ಲಿ, ಹುಂಜ ತನ್ನ ಕೊರಳ ಗರಿಗಳನ್ನು ಉದುರಿಸಿ ಮಂಕಾಗುತ್ತದೆ, ಕೂಗೂ ಕಡಿಮೆ. ಅದರ ವರ್ಷದ ಲೆಕ್ಕ ಬಲ್ಲವನಿಗೆ ಯಾವ ತಿಂಗಳ ಹಕ್ಕಿ ಕೊಬ್ಬಿರುತ್ತದೆ, ಯಾವ ತಿಂಗಳದ್ದು ಬಡಕಲು ಎಂಬುದೂ ತಿಳಿದಿರುತ್ತದೆ. ಪಕ್ಷಿಶಾಸ್ತ್ರ ಮತ್ತು ಪಾಕಶಾಸ್ತ್ರ ಇಲ್ಲಿ ಬೇರೆ ಬೇರೆ ವಿದ್ಯೆಗಳಾಗಿರಲಿಲ್ಲ.

ಬರಹದ ಸಾಲಿನಲ್ಲಿ ಮೊದಲು ನಿಲ್ಲುವುದು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 1129ರ ಸುಮಾರಿನ ಈ ಸಂಸ್ಕೃತ ಗ್ರಂಥ ರಚನೆಯಾದಾಗ ಬನವಾಸಿ, ಹಾನಗಲ್ಲು, ಹಲಸಿಗೆ ನಾಡುಗಳೆಲ್ಲ ಚಾಲುಕ್ಯರ ಮೇಲಾಳ್ವಿಕೆಯಲ್ಲಿದ್ದವು. ಅಂದರೆ ಇಂದಿನ ಮುಂಡಗೋಡದ ಸುತ್ತಿನ ಕಾಡೂ ಆ ದೊರೆಯ ಬೇಟೆಯ ಲೋಕದೊಳಗೇ ಬರುತ್ತದೆ. ಗ್ರಂಥದಲ್ಲಿ ಅನ್ನಭೋಗ ಬೇರೆ, ವಿನೋದಗಳು ಬೇರೆ. ಗಿಡುಗ ಬಿಟ್ಟು ಹಕ್ಕಿ ಹಿಡಿಸುವ ಶ್ಯೇನವಿನೋದ, ಲಾವುಗೆಗಳ ಕಾಳಗದ ಲಾವಕವಿನೋದ, ಹುಂಜಗಳ ಕುಕ್ಕುಟವಿನೋದ ಇವೆಲ್ಲ ವಿನೋದದ ಕಡೆ ಬರುತ್ತವೆ. ಮಾಂಸವನ್ನು ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಡುವುದು, ಇಂಗಿನ ನೀರು, ಹುಳಿ, ಮೆಣಸು ಹಾಕಿ ಬೇಯಿಸುವುದು ಅನ್ನಭೋಗದ ಕಡೆ ಸಿಗುತ್ತವೆ. ಅರಸನ ಕಣ್ಣಿಗೆ ಹಕ್ಕಿ ಹಿಡಿಯುವುದು ಆಟ, ತಿನ್ನುವುದು ಭೋಗ. ಹಸಿವಿನ ಮಾತು ಅಲ್ಲಿ ಬರುವುದೇ ಇಲ್ಲ. ಆದರೂ ಮಾಂಸದ ಅಡುಗೆಯನ್ನು ಅಷ್ಟು ವಿವರವಾಗಿ ಬರೆದಿಟ್ಟ ಇನ್ನೊಂದು ಹಳೆಯ ಪುಸ್ತಕ ಕನ್ನಡ ನೆಲದಲ್ಲಿ ಸಿಗುವುದು ಕಷ್ಟ. ಆ ಪ್ರೀತಿಯ ವಿವರಕ್ಕಾಗಿ ನಾನು ಆ ದೊರೆಗೆ ಋಣಿ.

ಕನ್ನಡದಲ್ಲೇ ಬರೆದ ಪಾಕಗ್ರಂಥಗಳ ದಾರಿ ಬೇರೆ. ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಸುಮಾರು 1500ರ ಆಚೀಚಿನದು; ಕವಿ ಜೈನ, ಪುಸ್ತಕ ಪೂರ್ತಿ ಸಸ್ಯಾಹಾರ. ಇದನ್ನು ಅವನ ಅರಿವಿನ ಕೊರತೆ ಎನ್ನಲಾಗದು. ಆ ನಿಲುವಿನ ಬೇರು ಜನ್ನನ ‘ಯಶೋಧರಚರಿತೆ’ಯಲ್ಲಿ ಕಾಣುತ್ತದೆ. 1209ರ ಆ ಕಾವ್ಯದಲ್ಲಿ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟರೂ ಪಾಪ ತಪ್ಪುವುದಿಲ್ಲ. ಯಶೋಧರ ಮತ್ತು ಅವನ ತಾಯಿ ಜನ್ಮ ಜನ್ಮ ತಿರುಗಿ, ಕೊನೆಗೆ ಕೋಳಿಗಳಾಗಿ ಹುಟ್ಟಿ ಕೂಗಿದಾಗ, ಯಶೋಧರನ ಮಗನೇ ದನಿ ಹಿಡಿದು ಬಾಣ ಬಿಟ್ಟು ಕೊಲ್ಲುತ್ತಾನೆ. ಕೂಗು ಕೇಳಿ ಹಕ್ಕಿ ಎಲ್ಲಿದೆಯೆಂದು ಗುರುತಿಸುವುದು ಕಾಡಂಚಿನ ಬೇಟೆಗಾರನ ಮೊದಲ ವಿದ್ಯೆ. ಜನ್ನ ಆ ವಿದ್ಯೆಯನ್ನೇ ಎತ್ತಿಕೊಂಡು, ಬಾಣದ ಆ ತುದಿಯಲ್ಲಿ ತಂದೆಯನ್ನೂ ಅಜ್ಜಿಯನ್ನೂ ನಿಲ್ಲಿಸಿದ. ಬೇಟೆಯ ವಿರುದ್ಧ ಕನ್ನಡದಲ್ಲಿ ಇದಕ್ಕಿಂತ ತೀವ್ರವಾದ ಚಿತ್ರ ನನಗೆ ತಿಳಿದಂತೆ ಇಲ್ಲ. ಇಂಥ ಪರಂಪರೆಯಲ್ಲಿ ಪಾಕಗ್ರಂಥ ಮಾಂಸವನ್ನು ಮುಟ್ಟದಿರುವುದು ಸಹಜ. ಆದರೆ ಅದರ ಪರಿಣಾಮವನ್ನು ಸಂಶೋಧಕರು ಗಮನಿಸಬೇಕು: ಓದುಬರಹ ಬಲ್ಲವರು ತಿನ್ನಲಿಲ್ಲ, ತಿನ್ನುವವರಿಗೆ ಬರಹ ದಕ್ಕಲಿಲ್ಲ.

ಮೂರನೆಯ ಬರಹ ವಸಾಹತು ಕಾಲದ್ದು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಎ. ಓ. ಹ್ಯೂಮ್ ಮತ್ತು ಮಾರ್ಷಲ್ ಅವರು ಭಾರತದ ಬೇಟೆಹಕ್ಕಿಗಳ ಕುರಿತ ಮೂರು ಸಂಪುಟಗಳನ್ನು 1879ರಿಂದ 1881ರೊಳಗೆ ಹೊರತಂದರು. ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಿದವನೂ ಇದೇ ಹ್ಯೂಮ್. ಜೇಮ್ಸ್ ಕ್ಯಾಂಪ್ಬೆಲ್ ಸಂಪಾದಿಸಿದ ಕಾನಡಾ ಜಿಲ್ಲೆಯ ಗ್ಯಾಸೆಟಿಯರ್ 1883ರದು. ಜಿಲ್ಲೆಯ ಹಕ್ಕಿಗಳ ಮೇಲೆ ಡೇವಿಡ್ಸನ್ ಎಂಬ ಅಧಿಕಾರಿ ಬರೆದ ಲೇಖನಮಾಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1890ರ ದಶಕದ ಕೊನೆಗೆ ಬಂತು. ಇವುಗಳ ಬೆಲೆ ದೊಡ್ಡದು. ಗೂಡು, ಮೊಟ್ಟೆ, ನೆಲೆ, ಕಾಲ ಎಲ್ಲವೂ ಅಲ್ಲಿವೆ. ಆದರೆ ಹಕ್ಕಿಯ ಜಾಡು ತೋರಿಸಿದವರು, ಪೊದೆ ಬಡಿದು ಎಬ್ಬಿಸಿದವರು, ಶಿಬಿರದಲ್ಲಿ ಅದನ್ನು ಬೇಯಿಸಿದವರು ಬಹುಪಾಲು ಹೆಸರಿಲ್ಲದೆ ಉಳಿದರು. ಗ್ಯಾಸೆಟಿಯರ್ ಪ್ರತಿ ಜಾತಿಯ ಊಟದ ಬಗ್ಗೆ ಒಂದೆರಡು ಸಾಲು ಹೇಳುತ್ತದೆ. ಏನು ತಿನ್ನುತ್ತಾರೆ ಎಂಬ ಪಟ್ಟಿ ಸಿಗುತ್ತದೆ, ಹೇಗೆ ಬೇಯಿಸುತ್ತಾರೆ ಎಂಬುದಿಲ್ಲ.

ಅದೇ ಕಾಲದಲ್ಲಿ ಒಂದೇ ಕೆಲಸಕ್ಕೆ ಎರಡು ನ್ಯಾಯ ಬಂತು. 1878ರ ಅರಣ್ಯ ಕಾಯ್ದೆಯ ನಂತರ ಕಾಡು ಸರಕಾರದ್ದಾಯಿತು. ಪರವಾನಗಿ ಇದ್ದವನದು ಶಿಕಾರಿ, ಇಲ್ಲದವನದು ಕಳ್ಳಬೇಟೆ. ಹಕ್ಕಿ ಹಿಡಿಯುವುದನ್ನೇ ಕಸುಬಾಗಿ ಉಳ್ಳ ಹರಣಶಿಕಾರಿಗಳಂಥ ಸಮುದಾಯಗಳ ಮೇಲೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆ ಬಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಹಿನ್ನೆಲೆಯಲ್ಲಿ ಬೇಲಿಯೊಳಗೆ ಜನರನ್ನು ಕೂಡಿಹಾಕಿದ ಸೆಟ್ಲಮೆಂಟುಗಳಲ್ಲಿ ಒಂದು, ಮುಂಡಗೋಡದಿಂದ ದೂರವಿಲ್ಲದ ಹುಬ್ಬಳ್ಳಿಯಲ್ಲಿತ್ತು. ಆ ಮುದ್ರೆ ಕಾನೂನಿನಲ್ಲಿ ಅಳಿದದ್ದು 1952ರಲ್ಲಿ. ಗೌಜಲಕ್ಕಿ, ಬುರ್ಲಿಗಳ ನಡೆಯನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಅವರ ಬಲೆ, ಉರುಲು, ದೀವದ ಹಕ್ಕಿಗಳ ವಿದ್ಯೆಯನ್ನು ಪೊಲೀಸು ಕಡತ ಅಪರಾಧದ ಸಾಕ್ಷಿಯಾಗಿ ಕಂಡಿತು. ಇದು ನನಗೆ ಇಂದಿಗೂ ನೋವಿನ ಸಂಗತಿ.

ಕಾಡುಕೋಳಿಗೆ ಹೊಟ್ಟೆಯ ಕಡೆಯಿಂದ ಬಂದ ಅಪಾಯಕ್ಕಿಂತ ಗರಿಯ ಕಡೆಯಿಂದ ಬಂದದ್ದು ಕಡಿಮೆಯದಲ್ಲ. ಹುಂಜದ ಕೊರಳ ಗರಿಯೊಂದನ್ನು ಬೆಳಕಿಗೆ ಹಿಡಿದರೆ ಕಪ್ಪು-ಬೂದು ಎಳೆಗಳ ನಡುವೆ, ದಂಟಿನ ತುದಿಯ ಹತ್ತಿರ, ಅರಗು ಹನಿಸಿದಂಥ ಬಿಳಿ-ಹಳದಿ ಚುಕ್ಕೆಗಳು ಹೊಳೆಯುತ್ತವೆ. ಅಲ್ಲಿ ಗರಿಯ ಎಳೆಗಳು ಒಂದಕ್ಕೊಂದು ಬೆಸೆದು ಗಟ್ಟಿ ಹಾಳೆಯಾಗಿರುತ್ತವೆ. ನೀರಲ್ಲಿ ನೆನೆದರೂ ಹೊಳಪು ಹೋಗದು. ಬ್ರಿಟನ್ನಿನಲ್ಲಿ ಸಾಲ್ಮನ್ ಮೀನು ಹಿಡಿಯುವವರು ಗಾಳಕ್ಕೆ ಕಟ್ಟುವ ಕೃತಕ ನೊಣಕ್ಕೆ ಈ ಗರಿಯೇ ಬೇಕೆಂದರು. ದಕ್ಷಿಣ ಭಾರತದ ಕಾಡುಗಳಿಂದ ಕೊರಳ ತೊಗಲುಗಳು ಹಡಗು ಹತ್ತಿದವು. ಭಾರತ ಸರಕಾರ ರಫ್ತು ನಿಷೇಧಿಸಿದ ಮೇಲೆ ಅಲ್ಲಿ ಹಕ್ಕಿಯನ್ನು ಸಾಕಿ ಗರಿ ತೆಗೆಯತೊಡಗಿದರು. ಪಶ್ಚಿಮಘಟ್ಟದ ಹಕ್ಕಿಯ ಗರಿ ಸ್ಕಾಟ್ಲೆಂಡಿನ ಹೊಳೆಗೆ ಹೋದ ಈ ಕತೆಯಲ್ಲೂ ಹಿಡಿದುಕೊಟ್ಟವರ ಹೆಸರಿಲ್ಲ.

ಕಾನೂನಿನ ಚಿತ್ರ ಈಗ ಸ್ಪಷ್ಟ. ಮುಂಬಯಿ ರಾಜ್ಯದ 1951ರ ಕಾಯ್ದೆ ಬೇಟೆಗೆ ಮಿತಿ ಹಾಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲಿಗೆ ಸಣ್ಣ ಬೇಟೆಗೆ ಪರವಾನಗಿಯ ದಾರಿ ಉಳಿಸಿತ್ತು; 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಉರುಲು ಒಡ್ಡುವುದು, ಗೂಡು ಕದಡುವುದು, ಮೊಟ್ಟೆ ಕೆಡಿಸುವುದು ಕೂಡ ಈ ಕಾಯ್ದೆಯ ಲೆಕ್ಕದಲ್ಲಿ ಬೇಟೆಯೇ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರ ರೂಢಿಯ ಹಕ್ಕುಗಳನ್ನು ಮಾನ್ಯ ಮಾಡುವಾಗಲೂ ಬೇಟೆಯ ಹಕ್ಕನ್ನು ಬೇರೆಯಾಗಿ ಹೊರಗಿಟ್ಟಿತು. ಇತ್ತ 1956ರ ದಾಂಡೇಲಿ ಅಭಯಾರಣ್ಯ ಅಣಶಿಯೊಂದಿಗೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ನದಿಯ ಹೆಸರು ಪಡೆಯಿತು. ಈ ನಿಷೇಧ ಸರಿಯೆಂದೇ ನನ್ನ ಖಚಿತ ನಿಲುವು. ಕಾಡು ಕುಗ್ಗಿ, ಬಂದೂಕು ಹೆಚ್ಚಿ, ರಸ್ತೆ ಒಳಹೊಕ್ಕ ಮೇಲೆ ಹಳೆಯ ಬೇಟೆಯ ಹಳೆಯ ಮಿತಿಗಳು ಉಳಿಯುವುದಿಲ್ಲ.

ಹಾಗಾದರೆ ಆ ಅಡುಗೆ ಎಲ್ಲಿ ಹೋಯಿತು? ಜವಾರಿ ಕೋಳಿಯೊಳಗೆ ಹೋಯಿತು ಎಂಬುದು ನನ್ನ ಊಹೆ. ಫಾರ್ಮಿನ ಕೋಳಿಗೆ ಬೇಡವಾದ ಎಷ್ಟೋ ಕ್ರಮಗಳು ಈ ಭಾಗದ ಜವಾರಿ ಕೋಳಿಯ ಎಸರಿನಲ್ಲಿ ಉಳಿದಿವೆ, ಅವೆಲ್ಲ ಗಟ್ಟಿ ಮಾಂಸದ ಹಕ್ಕಿಗೆ ಹೇಳಿ ಮಾಡಿಸಿದಂಥವು. ಪುಕ್ಕ ಕಿತ್ತ ಕೋಳಿಯನ್ನು ಹುಲ್ಲುರಿಯ ಮೇಲೆ ಹೊರಳಿಸುತ್ತಾರೆ. ಉಳಿದ ಕೂದಲಿನಂಥ ಎಳೆಗಳು ಚಟಚಟ ಸೀಯುತ್ತವೆ, ತೊಗಲು ಬಿಗಿಯುತ್ತದೆ, ಅದರಡಿಯ ಜಿಡ್ಡು ತುಸು ಮೇಲೆ ಒಸರುತ್ತದೆ. ಆಗ ಅರಿಸಿನ ಉಜ್ಜಿ ತೊಳೆಯುತ್ತಾರೆ. ತೊಗಲು ಸುಲಿದು ಎಸೆಯುವುದಿಲ್ಲ. ಕೊಬ್ಬಿಲ್ಲದ ಹಕ್ಕಿಯಲ್ಲಿ ಇರುವ ಜಿಡ್ಡೆಲ್ಲ ಅಲ್ಲೇ. ಎಲುಬಿನ ಸಮೇತ ಸಣ್ಣಗೆ ಕಡಿದು, ಈರುಳ್ಳಿ, ಬೆಳ್ಳುಳ್ಳಿ, ಉಪ್ಪಿನೊಂದಿಗೆ ಹುರಿದು, ಅದು ಬಿಟ್ಟ ನೀರಲ್ಲೇ ಮುಚ್ಚಿ ಬೇಯಿಸುತ್ತಾರೆ. ಮೇಲಿನ ತಟ್ಟೆಯಲ್ಲಿಟ್ಟ ನೀರು ಬಿಸಿಯಾದ ಮೇಲೆ ಅದನ್ನೇ ಸೇರಿಸುತ್ತಾರೆ, ತಣ್ಣೀರು ಹಾಕರು. ತೊಡೆಯ ನರ ಕರಗಿ ಎಸರು ಮಂದವಾಗುವ ತನಕ ಹುಳಿ, ಮಸಾಲೆ ಬೀಳದು. ಎದೆಯ ತುಂಡು ಒಣಗದಂತೆ ಕಾಯುವುದೂ ಆ ಎಸರೇ.

ಮಸಾಲೆಯಲ್ಲೂ ಎರಡು ನಾಡುಗಳು ಕೂಡುತ್ತವೆ. ಮುಂಡಗೋಡದ ಕಡೆ ಸುಟ್ಟ ಒಣಕೊಬ್ಬರಿ, ಗಸಗಸೆ, ಪೂರ್ವದಿಂದ ಬಂದ ಬ್ಯಾಡಗಿ ಮೆಣಸಿನಕಾಯಿ, ಜೊತೆಗೆ ರೊಟ್ಟಿ. ಜೋಯಿಡಾದ ಕಡೆ ಹಸಿ ತೆಂಗು, ಮುರುಗಲು, ಜೊತೆಗೆ ಅನ್ನ. ಕುಣಬಿಗಳ ಮನೆಗಳಲ್ಲಿ ಗೆಡ್ಡೆ-ಗೆಣಸಿಗೂ ದೊಡ್ಡ ಪಾಲು. ಮೆಣಸಿನಕಾಯಿ ಪೋರ್ಚುಗೀಸರೊಂದಿಗೆ ಹದಿನಾರನೆಯ ಶತಮಾನದಲ್ಲಿ ಬಂದದ್ದು. ಅದಕ್ಕೂ ಮೊದಲು ಇಲ್ಲಿನ ಖಾರವೆಲ್ಲ ಘಟ್ಟದ ಕರಿಮೆಣಸಿನದು. ಆ ಮೆಣಸಿಗಾಗಿಯೇ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದರು. ಈಗಲೂ ಶೀತ, ಜ್ವರಕ್ಕೆ ಮಾಡುವ ಕೋಳಿ ಸಾರಿನಲ್ಲಿ ಒಣಖಾರ ಹಿಂದೆ ಸರಿದು ಕರಿಮೆಣಸು ಮುಂದೆ ಬರುತ್ತದೆ. ಹಳೆಯ ಪದರ ಇನ್ನೂ ಅಲ್ಲಿದೆ ಎಂದು ನನಗನಿಸುತ್ತದೆ.

ಕಾಡುಕೋಳಿಗೂ ಜವಾರಿ ಕೋಳಿಗೂ ನಂಟು ಅಡುಗೆಯಲ್ಲಷ್ಟೇ ಇಲ್ಲ, ರಕ್ತದಲ್ಲೂ ಇದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೊಂದೇ ಎಂದು ಡಾರ್ವಿನ್ ಕಾಲದಿಂದ ನಂಬಿಕೆ ಇತ್ತು. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರಿದ್ದ ತಂಡವೊಂದು 2008ರಲ್ಲಿ ಬೇರೆಯದನ್ನು ತೋರಿಸಿತು. ಸಾಕುಕೋಳಿಗಳ ಹಳದಿ ತೊಗಲಿಗೆ, ಹಳದಿ ಕಾಲಿಗೆ ಕಾರಣವಾದ ಜೀನಿನ ರೂಪ ಕೆಂಪು ಕಾಡುಕೋಳಿಯದಲ್ಲ. ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದದ್ದು. ಮೇವಿನಲ್ಲಿರುವ ಹಳದಿ ವರ್ಣದ್ರವ್ಯವನ್ನು ಒಡೆಯುವ ಜೀನು ತೊಗಲಿನಲ್ಲಿ ಮಂಕಾದಾಗ ಬಣ್ಣ ಅಲ್ಲೇ ನಿಲ್ಲುತ್ತದೆ. ಸಂತೆಯಲ್ಲಿ ಹಳದಿ ಕಾಲಿನ ಕೋಳಿಯನ್ನು ಆರಿಸಿಕೊಳ್ಳುವವರ ಕೈಯಲ್ಲಿ ಘಟ್ಟದ ಕಾಡುಕೋಳಿಯ ಒಂದು ಪಾಲು ಇದೆ.

ಇಷ್ಟಾದ ಮೇಲೆ ಉಳಿಯುವುದು ಕ್ಷೇತ್ರಕಾರ್ಯ. ಸನವಳ್ಳಿಗೆ ಹತ್ತಿರದಲ್ಲೇ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ದೂರವಿಲ್ಲ. ಸಿದ್ದಿ, ಗೌಳಿ, ಕುಣಬಿ, ಹರಣಶಿಕಾರಿ ಮನೆಗಳ ಹಿರಿಯರನ್ನು, ಅದರಲ್ಲೂ ಅಜ್ಜಿಯರನ್ನು ಕೂಡಿಸಿ ಕೇಳಬೇಕಾದದ್ದು ಹಕ್ಕಿ ಹೇಗೆ ಹಿಡಿದಿರಿ ಎಂದಲ್ಲ. ಆ ಪ್ರಶ್ನೆ ಹೆದರಿಕೆ ಹುಟ್ಟಿಸುತ್ತದೆ, ಉತ್ತರ ತಪ್ಪುತ್ತದೆ. ಹೇಳಿದವರ ಹೆಸರು, ಊರು ಬಯಲಾಗದಂತೆ ದಾಖಲೆ ಕಾಪಾಡುವ ಕರಾರೂ ಮೊದಲೇ ಆಗಬೇಕು. ಕೇಳಬೇಕಾದದ್ದು ಬೇರೆ: ಯಾವ ತಿಂಗಳು ಹಕ್ಕಿ ಬೇಡವೆನ್ನುತ್ತಿದ್ದರು, ಮೊಟ್ಟೆಯ ಕಾಲದಲ್ಲಿ ಹೇಟೆಯನ್ನು ಬಿಡುತ್ತಿದ್ದರೆ, ಬಾಣಂತಿಗೆ ಯಾವ ಹಕ್ಕಿಯ ಎಸರು ಆಗುತ್ತಿತ್ತು, ಯಾವುದು ಆಗುತ್ತಿರಲಿಲ್ಲ, ಒಂದೇ ಹಕ್ಕಿ ಹತ್ತು ಜನರ ಮನೆಗೆ ಬಂದಾಗ ತೊಡೆ ಯಾರ ಪಾಲಿಗೆ, ಎಸರು ಯಾರ ಪಾಲಿಗೆ.